ಒತ್ತಕ್ಷರಕ್ಕೆ ಜಾಗ ಬಿಡಿ

ಹುತ್ತರಿ ಸಂಚಿಕೆಯ ಪುಟ ಕಟ್ಟುವಾಗ ಮೊದಲು ಲೀಡಿಂಗ್ ನೋಡಿ, ಅಂದರೆ ಅಕ್ಷರ ಕೂರುವ ಗೆರೆಯಿಂದ ಮುಂದಿನ ಗೆರೆಗಿರುವ ದೂರ. 12 ಪಾಯಿಂಟ್ ಇಂಗ್ಲಿಷಿಗೆ 14 ಸಾಕು. ಕನ್ನಡಕ್ಕೆ 18 ಕೊಡಿ. (72 ಪಾಯಿಂಟ್ ಅಂದರೆ ಒಂದು ಇಂಚು.) ‘ಕಕ್ಕಬ್ಬೆಯ ಇಗ್ಗುತಪ್ಪ’ ಎಂದು ಹಾಕಿ ನೋಡಿ, ನಾಲ್ಕು ಒತ್ತು ಕೆಳಗಿಳಿಯುತ್ತವೆ. ಸಾಲು ಬಿಗಿಯಾದರೆ ಕೆಳಸಾಲಿನ ಗುಡಿಸಿಗೆ ತಾಗಿಯೇ ತಾಗುತ್ತವೆ.

ಸಾಲು ತುಂಬಿಸಲು ಅಕ್ಷರಗಳ ನಡುವಿನ ಅಂತರ ಹಿಗ್ಗಿಸಲೇಬೇಡಿ. ಪದದ ರೂಪ ಒಡೆದು ಓದು ಕೆಡುತ್ತದೆ. ನಮ್ಮ ಪದಗಳು ಉದ್ದ. ಎ4 ಪುಟದಲ್ಲಿ ಮೂರು ಕಾಲಂ ಮಾಡಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಬಿಳಿ ಹೊಂಡ ಬೀಳುತ್ತದೆ. ಎರಡೇ ಇಡಿ, ನಡುವೆ 5 ಮಿ.ಮೀ. ಬಿಡಿ.

ಅಂಚಿನವರೆಗೆ ಹೋಗುವ ಕಾಫಿ ತೋಟದ ಚಿತ್ರವನ್ನು ಸುತ್ತ 3 ಮಿ.ಮೀ. ಹೊರಗೆ ಚಾಚಿ, ಇದೇ ಬ್ಲೀಡ್. ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೀಟು ಉಳಿಯುತ್ತದೆ.