ದನಿ ತಗ್ಗಿಸಿದ ಮಧ್ಯಾಹ್ನ

ಕೊಡಗಿನ ಮಳೆಗಾಲದ ಹಬ್ಬವಾದ ಕಕ್ಕಡ ಹದಿನೆಂಟು ಕಳೆದು ಬಂದ ಭಾನುವಾರ ನಾವು ಮೂವರು ಹಾರ್ಮೋನಿಯಂ, ತಬಲಾ ಮತ್ತು ಕೀಬೋರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಹೊರಟೆವು. ನವೆಂಬರಿನ ಭಾವಗೀತೆ ಕಾರ್ಯಕ್ರಮಕ್ಕೆ ನಾನು ಆಯ್ದುಕೊಂಡಿದ್ದುದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ ಗಂಡ ಹೆಂಡತಿಗೆ ಹೇಳುವ ಒಂದು ಕವಿತೆ. ಅದನ್ನು ತಿದ್ದಿಕೊಡಬೇಕೆಂದು, ಶಾಲೆಯಲ್ಲಿ ಬಹಳ ವರ್ಷ ಸಂಗೀತ ಕಲಿಸಿ ನಿವೃತ್ತರಾಗಿ ಈಗ ಕಾಫಿ ತೋಟದ ನಡುವಿನ ಮನೆಯಲ್ಲಿರುವ ಟೀಚರೊಬ್ಬರನ್ನು ಕೇಳಿಕೊಂಡಿದ್ದೆವು.

ನಾವು ಹಾಡಿನ ಮೇಲೆ ಕಡಿಮೆ ದುಡಿದಿರಲಿಲ್ಲ. ಆರಂಭಕ್ಕೆ ಕೀಬೋರ್ಡಿನಲ್ಲಿ ಕೊಳಲಿನ ನಾದ, ಚರಣಗಳ ನಡುವೆ ಪಿಟೀಲುಗಳ ಗುಂಪು, ಪಲ್ಲವಿಗೆ ಮರಳುವಾಗಲೆಲ್ಲ ಒಂದೇ ಬೋಲನ್ನು ಮೂರು ಸಲ ನುಡಿಸಿ ಮುಗಿಸುವ ತಬಲಾದ ತಿಹಾಯಿ, ಕೊನೆಯಲ್ಲಿ ನನ್ನದೊಂದು ದೀರ್ಘ ಆಲಾಪ. ಟೀಚರ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, “ಇಷ್ಟು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ ಹೆಂಡತಿಗೆ ಈ ಮಾತು ಹೇಳುತ್ತೀರಾ?” ಎಂದು ಕೇಳಿದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ನಿಜವಾಗಿ ಉತ್ತರವನ್ನು ಬಯಸಿದ ಪ್ರಶ್ನೆ ಅದಾಗಿತ್ತು.

ಮೊದಲು ಕೀಬೋರ್ಡ್ ಹೋಯಿತು. ಆಮೇಲೆ ತಬಲಾ. ಶ್ರುತಿಯನ್ನು ಎರಡು ಮನೆ ಇಳಿಸಿ, ಹಾರ್ಮೋನಿಯಂ ನನ್ನ ದನಿಯ ಬೆನ್ನು ಹತ್ತದೆ ಷಡ್ಜ, ಪಂಚಮಗಳನ್ನು ಮಾತ್ರ ಹಿಡಿದುಕೊಂಡಿರಲಿ ಎಂದರು. ಪ್ರತಿ ಸಾಲಿನ ತುದಿಯಲ್ಲಿ ನಾನು ಹಾಕುತ್ತಿದ್ದ ಸಣ್ಣ ಸಣ್ಣ ಬಳುಕುಗಳನ್ನು ಒಂದೊಂದಾಗಿ ತೆಗೆಸಿದರು. ಕೊನೆಗೆ ಉಳಿದದ್ದು ನನ್ನ ಉಸಿರು ಮತ್ತು ಕವಿಯ ಪದಗಳು. ಎರಡನೆಯ ಚರಣದಲ್ಲಿ ಒಂದು ಪದವನ್ನು ನಾನು ನಡುವೆ ಉಸಿರೆಳೆದು ಎರಡು ತುಂಡು ಮಾಡುತ್ತಿದ್ದೆನೆಂಬುದು ಅಲ್ಲಿಯವರೆಗೆ ನನಗೂ ಜೊತೆಯವರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅಲ್ಲಿ ತಬಲಾದ ಪೆಟ್ಟು ಬೀಳುತ್ತಿತ್ತು. ಆ ಒಂದು ಪದವನ್ನು ಒಂದೇ ಉಸಿರಿನಲ್ಲಿ ದಾಟಿಸುವುದಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು.

1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ ಸಂಕಲನ ಕನ್ನಡದ ಪ್ರೇಮಗೀತೆಯನ್ನು ಅಡುಗೆಮನೆ, ಜಗುಲಿ, ತವರುಮನೆಗಳ ನಡುವೆ ತಂದು ಕೂರಿಸಿತು. ಅಲ್ಲಿ ಗಂಡ ಹೆಂಡತಿಯೊಡನೆ ಮಾತಾಡುತ್ತಾನೆ, ಹೆಂಡತಿ ತವರನ್ನು ನೆನೆಯುತ್ತಾಳೆ. ಪಕ್ಕದಲ್ಲೇ ಕುಳಿತವರಿಗೆ ಹೇಳುವ ಮಾತಿಗೆ ದನಿ ಏರಿಸುವ ಅಗತ್ಯವಿಲ್ಲ, ಏರಿಸಿದರೆ ಅದು ಸಭೆಗೆ ಹೇಳಿದ ಮಾತಾಗುತ್ತದೆ. ಇಷ್ಟು ಸರಳವಾದ ಸಂಗತಿ, ಹತ್ತು ವರ್ಷಗಳಿಂದ ಹಾಡುತ್ತಿರುವ ನನಗೆ ಹೊಳೆದಿರಲಿಲ್ಲ.

ಚಹಾ ಕುಡಿಯುವಾಗ ಮಾತು ಮೈಕಿನ ಕಡೆಗೆ ತಿರುಗಿತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವ ಮುನ್ನ ಗಾಯಕರು ದೊಡ್ಡ ಕಹಳೆಯ ಬಾಯಿಗೆ ಗಂಟಲೆತ್ತಿ ಹಾಡಬೇಕಿತ್ತು. ಪಿಸುಮಾತನ್ನೂ ಹಿಡಿಯಬಲ್ಲ ಮೈಕು ಬಂದ ಮೇಲೆಯೇ ಮೆಲುದನಿಯ ಪ್ರೇಮಗೀತೆಗೆ ದಾರಿ ತೆರೆಯಿತು. ಪಿ.ಬಿ. ಶ್ರೀನಿವಾಸ್ ಅವರ ಕನ್ನಡ ಹಾಡುಗಳನ್ನು ಕೇಳಿದಾಗ ಅವರು ಮೈಕನ್ನು ಹೇಗೆ ನಂಬಿದ್ದರೆಂಬುದು ತಿಳಿಯುತ್ತದೆ. ದನಿಯನ್ನು ಅವರು ನಮ್ಮತ್ತ ನೂಕುವುದಿಲ್ಲ, ನಮ್ಮ ಕಿವಿಯ ಹತ್ತಿರ ಇಟ್ಟು ಸುಮ್ಮನಾಗುತ್ತಾರೆ. ಮೆಲ್ಲಗೆ ಹಾಡಲೆಂದು ಸಿಕ್ಕ ಸಲಕರಣೆಯನ್ನು ನಾವು ಅಬ್ಬರಕ್ಕೆ ಬಳಸಿಕೊಂಡೆವೆಂಬ ವ್ಯಥೆ ನನಗಿದೆ.

ನಮ್ಮ ತಬಲಾದವನು ಕೊಡವ. ಮದುವೆಮನೆಗಳಲ್ಲಿ ನಾಲ್ವರು ದುಡಿಯೆಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವ ಬಾಳೋಪಾಟನ್ನು ಅವನು ನೆನಪಿಸಿದ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಹಾಗೆಯೇ ಮರಳಿ ಹೇಳುತ್ತಾರೆ. ಅದೇ ನಡಿಗೆ, ಅದೇ ದನಿ, ಗಂಟೆಗಟ್ಟಲೆ. ಯಾರೂ ತನ್ನ ಕಂಠವನ್ನು ಮೆರೆಸುವುದಿಲ್ಲ, ಆದರೂ ಕೇಳುತ್ತ ಕುಳಿತ ಅಜ್ಜಿಯರ ಕಣ್ಣು ತುಂಬುವುದನ್ನು ತಾನು ಕಂಡಿದ್ದೇನೆ ಎಂದ.

ಆಮೇಲೆ ಟೀಚರ್ ತಾವೇ ಆ ಹಾಡನ್ನು ಹೇಳಿದರು. ಶ್ರುತಿಪೆಟ್ಟಿಗೆಯನ್ನೂ ಹಾಕಲಿಲ್ಲ. ಎಪ್ಪತ್ತು ದಾಟಿದ ಅವರ ದನಿ ಮೇಲಿನ ಸ್ವರಗಳಲ್ಲಿ ತುಸು ಒಡೆಯುತ್ತಿತ್ತು, ಅದನ್ನು ಅವರು ಮರೆಮಾಚಲಿಲ್ಲ. ಎರಡನೆಯ ಚರಣಕ್ಕೆ ಬರುವಾಗ ಮಳೆ ಬಿರುಸಾಗಿ ಜಗುಲಿಯ ತಗಡಿನ ಮೇಲೆ ಸುರಿಯತೊಡಗಿತು. ನಾನಾಗಿದ್ದರೆ ಮಳೆಯನ್ನು ಮೀರಿಸಲು ಖಂಡಿತವಾಗಿ ದನಿ ಏರಿಸುತ್ತಿದ್ದೆ. ಅವರು ಏರಿಸಲಿಲ್ಲ. ನಾವು ಒಬ್ಬೊಬ್ಬರಾಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆವು, ಕೊನೆಗೆ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕುಳಿತೆವು. ಕೆಲವು ಪದಗಳನ್ನು ಮಳೆಯೇ ನುಂಗಿತು. ಆ ಪದಗಳನ್ನು ನಾವು ಅವರ ತುಟಿಗಳಲ್ಲಿ ಓದಿಕೊಂಡೆವು.

ನವೆಂಬರಿನಲ್ಲಿ ಹಾಡುವ ಮೊದಲು ಧ್ವನಿವರ್ಧಕದವರಲ್ಲಿ ನಾನು ಕೇಳಿಕೊಂಡದ್ದು ಒಂದೇ, ಎಕೋ ಪೂರ್ತಿ ತೆಗೆಯಿರಿ ಎಂದು. ತಬಲಾದವನು ಮಾತ್ರ ಪೂರ್ತಿ ಸುಮ್ಮನಿರಲು ಒಪ್ಪಲಿಲ್ಲ. ಒಂದಿಷ್ಟು ಮಾತಾದ ಮೇಲೆ ಕೊನೆಯ ಚರಣವನ್ನು ಅವನಿಗೆ ಬಿಟ್ಟುಕೊಟ್ಟೆವು. ಅದನ್ನು ಅವನು ಎಡಗೈಯಿಂದಷ್ಟೇ, ತಬಲಾ ಜೋಡಿಯ ಎಡಗಡೆಯ ವಾದ್ಯವಾದ ಬಾಯಾದ ಮೇಲೆ ಬೆರಳಿನ ತುದಿ ಇಟ್ಟು ನುಡಿಸಿದ. ಎರಡನೆಯ ಚರಣದ ಆ ಪದವನ್ನು ನಾನು ಒಂದೇ ಉಸಿರಿನಲ್ಲಿ ದಾಟಿದೆ.