ನಾಲ್ಕು ಅಲಾರಂ, ಮುಚ್ಚಿದ ಒಂದು ಬಾಗಿಲು

ಡಬ್ಬದಲ್ಲಿ ನಾಲ್ಕು ಅಲಾರಂ ಇದ್ದವು. ಮೂರು ಹೊಗೆಗೆ, ಒಂದು ಶಾಖಕ್ಕೆ. ಶಾಖದ್ದು ಅಡುಗೆಮನೆಗೆ. ಅಲ್ಲಿ ಹೊಗೆ ಅಲಾರಂ ಹಾಕಿದರೆ ಬಾಣಲೆ ಕಾದಾಗಲೆಲ್ಲ ಕಿರುಚುತ್ತದೆ, ವಾರದೊಳಗೆ ಯಾರೋ ಒಬ್ಬರು ಬ್ಯಾಟರಿ ಕಿತ್ತಿಡುತ್ತಾರೆ. ನಮ್ಮ ಹಳೇ ಅಲಾರಂನ ಗತಿ ಅದೇ ಆಗಿತ್ತು.

ಇವು ವೈರ್ ಇಲ್ಲದವು. ಒಂದಕ್ಕೆ ಹೊಗೆಯೋ ಶಾಖವೋ ತಾಗಿದರೆ ಅದು ರೇಡಿಯೋ ಸಿಗ್ನಲ್ ಕಳಿಸಿ ಉಳಿದ ಮೂರನ್ನೂ ಕೂಗಿಸುತ್ತದೆ. ನಮ್ಮ ಅಡುಗೆಮನೆ ಒಂದು ತುದಿ, ಅಮ್ಮನ ಕೋಣೆ ಇನ್ನೊಂದು ತುದಿ. ಅಮ್ಮ ಬಾಗಿಲು ಮುಚ್ಚಿಕೊಂಡೇ ಮಲಗುವುದು. ಇಷ್ಟೆಲ್ಲ ಮಾಡಹೊರಟಿದ್ದೇ ಆ ಬಾಗಿಲಿಗೋಸ್ಕರ.

ಮೊದಲು ನಾಲ್ಕನ್ನೂ ಸೀಲಿಂಗ್‌ಗೆ ಹಾಕಿ, ಆಮೇಲೆ ಒಂದಕ್ಕೊಂದು ಜೋಡಿಸಲು, ಅಂದರೆ ಪೇರಿಂಗ್ ಮಾಡಲು ಹೋದೆ. ದೊಡ್ಡ ತಪ್ಪು. ಒಂದರ ಗುಂಡಿ ಒತ್ತಿ, ಏಣಿ ಇಳಿದು, ಅದನ್ನು ಇನ್ನೊಂದು ಕೋಣೆಗೆ ಹೊತ್ತು, ಮತ್ತೆ ಹತ್ತುವಷ್ಟರಲ್ಲಿ ಮೊದಲನೆಯದು ಕಾದು ಸಾಕಾಗಿ ಪೇರಿಂಗ್ ನಿಲ್ಲಿಸಿರುತ್ತಿತ್ತು. ಮೂರು ಸಲ ಹೀಗಾದ ಮೇಲೆ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಐದು ನಿಮಿಷದ ಕೆಲಸ! ನಡುವೆ ಒಮ್ಮೆ ಪೇರಿಂಗ್ ಗುಂಡಿ ಅಂದುಕೊಂಡು ಟೆಸ್ಟ್ ಗುಂಡಿ ಒತ್ತಿದೆ. ಮೇಜಿನ ಮೇಲಿದ್ದವೆಲ್ಲ ಮುಖದ ಮುಂದೆಯೇ ಅರಚಿಕೊಂಡವು. ಮಗಳು ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು.

ಮತ್ತೆ ಏಣಿ. ಹೊಗೆ ಮೇಲೇರಿ ಸೀಲಿಂಗ್ ಉದ್ದಕ್ಕೂ ಹರಡುತ್ತದೆ, ಮೂಲೆಯಲ್ಲಿ ಮಾತ್ರ ಗಾಳಿ ಅಷ್ಟಾಗಿ ಆಡುವುದಿಲ್ಲ. ಅದಕ್ಕೇ ನಡುವೆ ಹಾಕಿದೆ, ಫ್ಯಾನಿನಿಂದ ದೂರ, ಬಚ್ಚಲಿನ ಬಾಗಿಲಿನಿಂದಲೂ ದೂರ. ಹೊಗೆ ಅಲಾರಂನೊಳಗೆ ಒಂದು ಸಣ್ಣ ಬೆಳಕಿದೆ. ಹೊಗೆಯ ಕಣಕ್ಕೆ ಬಡಿದು ಅದು ಚದುರಿದರೆ ಅಲಾರಂ ಕೂಗುತ್ತದೆ. ಬಚ್ಚಲಿನ ಹಬೆಗೂ, ಡ್ರಿಲ್ಲಿನ ದೂಳಿಗೂ ಹಾಗೇ ಚದುರಬಹುದು. ರಂಧ್ರ ಕೊರೆದಿದ್ದ ದೂಳೆಲ್ಲ ಒರೆಸಿದ ಮೇಲೆಯೇ ಅಲಾರಂನ ಮುಚ್ಚಳ ತೆಗೆದೆ. ಅಂಚಿನಲ್ಲಿ ಹತ್ತು ವರ್ಷದ ಮುಂದಿನ ಇಸವಿ ಬರೆದೆ. ಅಷ್ಟರೊಳಗೆ ಬದಲಿಸಬೇಕು.

ಮಧ್ಯಾಹ್ನ ಅಮ್ಮ ಮಲಗಿದ್ದಳು. ಕಿವಿ ಮಷಿನ್ ಪಕ್ಕದ ಮೇಜಿನ ಮೇಲಿತ್ತು. ಅವಳನ್ನು ಎಬ್ಬಿಸೋದು ಬೇಡ ಅನ್ನಿಸಿತು. ಆದರೆ ರಾತ್ರಿಯೂ ಹೀಗೇ ಅಲ್ವಾ ಇರುವುದು? ಅಡುಗೆಮನೆಯ ಅಲಾರಂನ ಟೆಸ್ಟ್ ಗುಂಡಿ ಒತ್ತಿದೆ. ನಾಲ್ಕೂ ಒಟ್ಟಿಗೆ ಕೂಗಿದವು. ಗೆದ್ದೆ ಅಂತ ಅಮ್ಮನ ಬಾಗಿಲು ತೆಗೆದರೆ, ತಲೆಯ ಮೇಲೆಯೇ ಅಲಾರಂ ಬಡಿದುಕೊಳ್ಳುತ್ತಿದೆ, ಅಮ್ಮ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾಳೆ.

ಎಬ್ಬಿಸಿ ಕೇಳಿದೆ. "ಎಲ್ಲೋ ಸೊಳ್ಳೆ ಗುಂಯ್ ಅಂದ ಹಾಗಾಯ್ತಪ್ಪ" ಅಂದಳು.

ನಾನು ಸಿಗ್ನಲ್ ಗೋಡೆ ದಾಟುತ್ತದಾ ಅಂತಷ್ಟೇ ಯೋಚಿಸಿದ್ದೆ. ಶಬ್ದವೇನೋ ಕಡಿಮೆ ಇರಲಿಲ್ಲ, ಮೂರು ಮೀಟರ್ ದೂರದಲ್ಲಿ 85 ಡೆಸಿಬೆಲ್. ಆದರೆ ಸಾಮಾನ್ಯ ಅಲಾರಂನ ದನಿ ತುಂಬ ತೀಕ್ಷ್ಣ, ಸುಮಾರು 3000 ಹರ್ಟ್ಸ್. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೇ ಅಂಥ ತೀಕ್ಷ್ಣ ದನಿಗಳನ್ನು. 520 ಹರ್ಟ್ಸ್‌ನ ದಪ್ಪ ದನಿಯವೂ ಇವೆ, ಮಲಗಿದವರನ್ನು ಅವು ಚೆನ್ನಾಗಿ ಎಬ್ಬಿಸುತ್ತವೆ. ಅಮ್ಮನೂ ಬಾಗಿಲು ದಬದಬ ಬಡಿದರೆ ತಟ್ಟನೆ ಏಳುತ್ತಾಳೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಕೊನೆಗೆ ಇದೇ ಅಲಾರಂಗಳ ಜೊತೆ ಸೇರುವ, ದಿಂಬಿನಡಿ ಇಟ್ಟರೆ ನಡುಗುವ ಒಂದು ಬಿಲ್ಲೆ ತರಿಸಿದೆ. ಈ ಸಲ ಮೇಜಿನ ಮೇಲೆಯೇ ಜೋಡಿಸಿದೆ. ಮತ್ತೆ ಮಧ್ಯಾಹ್ನ, ಮತ್ತೆ ಗುಂಡಿ. ಅಮ್ಮ ಧಡಕ್ಕನೆ ಎದ್ದು ಕೂತಳು.

"ಭೂಕಂಪ ಏನೋ?"

"ಅಲ್ಲಮ್ಮ, ಟೆಸ್ಟು. ತಿಂಗಳಿಗೊಂದ್ಸಲ ಮಾಡ್ಬೇಕು."

"ಮಾಡು, ಬೇಡ ಅಂದೋರ್ಯಾರು? ನಾನು ಎದ್ದ ಮೇಲೆ ಮಾಡು."