ಅಡುಗೆಮನೆ ದೀಪ

ಮಾರ್ಚ್ 14, ರಾತ್ರಿ 9:40

ಈಗಷ್ಟೇ ಮೂರನೇ ಸಲ ಹಿತ್ತಲಿಗೆ ಹೋಗಿ ಬಂದೆ. ಗೂಡಿನ ಹಲಗೆಗೆ ಕಿವಿ ಇಟ್ಟು ನಿಂತಿದ್ದೆ. ಗಲಾಟೆ ಇಲ್ಲ. ಯಾವುದೋ ಒಂದು ಕೋಳಿಮರಿ ನಿದ್ದೆಯಲ್ಲಿ ಸಣ್ಣಗೆ ಸದ್ದು ಮಾಡಿತು, ಅಷ್ಟೇ. ಒಂಬತ್ತೂ ಒಳಗಿವೆ. ಎಣಿಸಿಯೇ ಚಿಲಕ ಹಾಕಿದ್ದು. ಆದರೂ ಇನ್ನೊಮ್ಮೆ ಎಣಿಸಬೇಕು ಅನ್ನಿಸುತ್ತಿದೆ.

ಇವತ್ತು ಅವುಗಳನ್ನು ಹೊರಗಿನ ಗೂಡಿಗೆ ಬಿಟ್ಟೆವು. 6 ವಾರ ಸ್ಟೋರ್ ರೂಮಿನ ರಟ್ಟಿನ ಪೆಟ್ಟಿಗೆಯಲ್ಲಿ, ಬಲ್ಬಿನ ಕಾವಿನಲ್ಲಿ ಬೆಳೆದವು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯ ಹಾಗೆ ಇಳಿಸುತ್ತಾ ಬಂದೆ. ಕೊನೆಯ ನಾಲ್ಕು ರಾತ್ರಿ ಬಲ್ಬನ್ನೇ ಹಾಕಲಿಲ್ಲ. ತುಪ್ಪುಳ ಉದುರಿ ಮೈತುಂಬ ಗರಿ ಬಂದಿದೆ. ಕೆಂಚಿ ಅನ್ನೋ ಮರಿಯ ಕತ್ತಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಉಳಿದಿದೆ. ಹಾಗಾಗಿ ಚಳಿಯ ಚಿಂತೆ ಜಾಸ್ತಿ ಇರಲಿಲ್ಲ.

ಹಗಲು ಚೆನ್ನಾಗೇ ಕಳೆಯಿತು. ಬೆಳಿಗ್ಗೆಯೇ ಬಿಟ್ಟಿದ್ದೆವು, ಕತ್ತಲಾಗುವಷ್ಟರಲ್ಲಿ ನೀರೆಲ್ಲಿ, ಕಾಳೆಲ್ಲಿ ಅಂತ ಗೊತ್ತಾಗಿರಲಿ ಅಂತ. ನೀರಿನ ಡಬ್ಬಿ ಹಳೆಯದೇ. ಬೇಲಿ ಪಕ್ಕದ ಒಣ ಮಣ್ಣಿನಲ್ಲಿ ನಮ್ಮ ಕರಿಯ ಮಲಗಿ, ರೆಕ್ಕೆ ಬಡಿದು, ಮೈಮೇಲೆಲ್ಲ ದೂಳು ಎರಚಿಕೊಂಡ. ಪೆಟ್ಟಿಗೆಯಲ್ಲಿ ಹುಟ್ಟಿನಿಂದ ಮಣ್ಣನ್ನೇ ನೋಡದವನು. ಇದನ್ನು ಅವನಿಗೆ ಯಾರು ಹೇಳಿಕೊಟ್ಟರು? ನಾನು ಬಕೆಟ್ ಹಿಡಿದುಕೊಂಡು ಹಾಗೇ ನೋಡುತ್ತಾ ನಿಂತುಬಿಟ್ಟೆ.

ಸಂಜೆಯಾದ ಮೇಲೆ ಎಲ್ಲ ಬದಲಾಯಿತು.

ಆರೂವರೆ ಇರಬಹುದು. ಒಂಬತ್ತೂ ಜಾಲರಿಯ ಒಂದೇ ಮೂಲೆಗೆ ಬಂದು ಒತ್ತಿಕೊಂಡು ನಿಂತವು. ಗೂಡಿನ ಬಾಗಿಲು ತೆರೆದೇ ಇದೆ, ಹತ್ತಲು ಹಲಗೆಯೂ ಇದೆ. ಅದರ ಕಡೆ ಒಂದೂ ತಿರುಗುತ್ತಿಲ್ಲ. ಎಲ್ಲದರ ಮುಖವೂ ನಮ್ಮ ಮನೆ ಕಡೆಗೆ. ಒಂದೇ ಸಮನೆ ಕೂಗು. ಎತ್ತರದ ದನಿ, ನಡುವೆ ಬಿಡುವೇ ಇಲ್ಲ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ರಟ್ಟಿನ ಪೆಟ್ಟಿಗೆ ತರಲು ಒಳಗೆ ಓಡಿದೆ.

ಅಮ್ಮ ತಡೆದಳು. "ಪೆಟ್ಟಿಗೆ ಯಾಕೆ?"

"ಇವತ್ತೊಂದಿನ ಒಳಗೇ ಇರಲಿ ಅಮ್ಮಾ. ಮನೆ ನೆನಪಾಗ್ತಿದೆ ಅವಕ್ಕೆ. ನೋಡು, ಎಲ್ಲವೂ ಈ ಕಡೆಗೇ ತಿರುಗಿವೆ."

ಅಮ್ಮ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದಳು. "ಅವು ಮನೆ ನೋಡ್ತಿಲ್ಲ ಕಣೇ. ದೀಪ ನೋಡ್ತಿವೆ."

ಹೋಗಿ ಅಡುಗೆಮನೆಯ ದೀಪ ಆರಿಸಿದಳು. ಟಾರ್ಚ್ ತಂದು ನನ್ನ ಕೈಗೆ ಕೊಟ್ಟು, "ಗೂಡೊಳಗೆ ಇಡು, ಗೋಡೆ ಕಡೆ ಮುಖ ಮಾಡಿ. ಕಣ್ಣಿಗೆ ಹೊಡೀಬಾರದು" ಅಂದಳು.

ಇಟ್ಟೆ. ಮೊದಲು ಕರಿಯ ತಲೆ ತಿರುಗಿಸಿದ. ಆಮೇಲೆ ಕೆಂಚಿ. ಒಂದೈದು ನಿಮಿಷದಲ್ಲಿ ಆರು ಮರಿ ಹಲಗೆ ಹತ್ತಿ ಒಳಗೆ ಹೋದವು. ಉಳಿದ ಮೂರನ್ನು ನಾನೇ ಎರಡೂ ಕೈಯಲ್ಲಿ ಹಿಡಿದು ಒಂದೊಂದಾಗಿ ಒಳಗೆ ಬಿಟ್ಟೆ. ಅದರಲ್ಲಿ ಬೂದಿ ಅನ್ನೋ ಮರಿಯ ಎದೆ ನನ್ನ ಬೆರಳಿಗೆ ಡವಡವ ಬಡಿಯುತ್ತಿತ್ತು. ಒಳಗೆ ಹೋದದ್ದೇ ಕೂಗಿನ ದನಿ ಇಳಿಯಿತು. ಆಮೇಲೆ ಬರೀ ಗುಸುಗುಸು. ಅಮ್ಮ ಆ ಎರಡು ದನಿಗಳನ್ನು ದೂರದಿಂದಲೇ ಬೇರೆ ಮಾಡುತ್ತಾಳೆ. ಮಬ್ಬಿನಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಎಲ್ಲಿ ಬೆಳಕಿದೆಯೋ ಅಲ್ಲಿಗೆ ಹೋಗುತ್ತದೆ. ಇದು ನನಗೂ ಗೊತ್ತಿದ್ದ ವಿಷಯವೇ. ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

ಎಲ್ಲ ಒಳಗೆ ಸೇರಿದಾಗ ಸಮಾಧಾನವಾಯಿತು. ಜೊತೆಗೆ ಎದೆಯಲ್ಲೊಂದು ಸಣ್ಣ ನೋವು. ಅವು ನನ್ನನ್ನು ಕರೆಯುತ್ತಿವೆ ಅಂತ ಅಂದುಕೊಂಡಿದ್ದೆ.

ಗೂಡಿನ ಮೇಲ್ಭಾಗದ ಕಿಂಡಿಗೆ ಗೋಣಿಚೀಲ ಕಟ್ಟಲು ಹೋದೆ. ಅದಕ್ಕೂ ಅಮ್ಮ ಬಿಡಲಿಲ್ಲ. ಗಾಳಿ ಮರಿಗಳ ತಲೆಯ ಮೇಲಿಂದ ಹೋದರೆ ತೊಂದರೆಯಿಲ್ಲ, ಮುಚ್ಚಿದರೇ ಕಷ್ಟ ಅಂದಳು. ಉಸಿರಿನ ತೇವ, ಹಿಕ್ಕೆಯ ವಾಸನೆ ಎಲ್ಲ ಒಳಗೇ ನಿಲ್ಲುತ್ತದೆ. ಕೆಳಗೆ ಹಾಸಿದ ಹೊಟ್ಟು ಒದ್ದೆಯಾದರೆ ರಕ್ತಭೇದಿ ಬರುವ ಭಯ. ಸರಿ, ಬಿಟ್ಟೆ.

ಇಷ್ಟೆಲ್ಲ ಆದರೂ ನಿದ್ದೆ ಬರುವ ಹಾಗಿಲ್ಲ. ಕಳೆದ ಸಲದ ಎರಡು ಮರಿ ನೆನಪಿಗೆ ಬರುತ್ತಿವೆ. ಆಗ ಹಾಕಿದ್ದು ಮಾಮೂಲಿ ಕೋಳಿ ಜಾಲರಿ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಹೆಗ್ಗಣವನ್ನು ಹೊರಗೆ ಇಡುವುದಿಲ್ಲ. ಬೆಳಿಗ್ಗೆ ಗರಿ ಮಾತ್ರ ಸಿಕ್ಕಿತು. ಈ ಸಲ ಅರ್ಧ ಇಂಚಿನ ಬೆಸುಗೆ ಜಾಲರಿ, ಸುತ್ತಲೂ ಒಂದಡಿ ಮಣ್ಣಿನೊಳಗೆ ಹೂತಿದ್ದೇವೆ. ಚಿಲಕಕ್ಕೆ ಕೊಕ್ಕೆಯೂ ಇದೆ. ಇನ್ನೇನು ಮಾಡಬಹುದಿತ್ತು? ಗೊತ್ತಿದ್ದರೆ ಮಾಡಿರುತ್ತಿದ್ದೆ ಅಲ್ವಾ.

ಕಂಬಿಯ ಮೇಲೆ ಇನ್ನೂ ಯಾವುದೂ ಕೂತಿಲ್ಲ. ಎಲ್ಲ ಹೊಟ್ಟಿನ ಮೇಲೆ ಒಂದೇ ಗುಂಪಾಗಿ ಮಲಗಿವೆ. ಒಂದರ ಮೇಲೊಂದು ಬಿದ್ದು ಉಸಿರು ಕಟ್ಟದಿರಲಿ ಅಂತ ಮೂಲೆಗಳಿಗೆ ಹೊಟ್ಟು ತುಂಬಿ ದುಂಡಗೆ ಮಾಡಿದ್ದೇನೆ. ಬೂದಿ ಮಾತ್ರ ಗುಂಪಿನ ಅಂಚಿನಲ್ಲಿ, ಬಾಗಿಲ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಒಂದು ವಾರ ಅಂಗಳಕ್ಕೆ ಬಿಡುವುದಿಲ್ಲ. ಇದೇ ಮನೆ ಅಂತ ಅವಕ್ಕೆ ಗಟ್ಟಿಯಾಗಲಿ. ನಾಳೆಯೂ ಟಾರ್ಚ್ ಇಡಬೇಕು. ನಾಡಿದ್ದು ಇಲ್ಲದೆ ನೋಡಬೇಕು.

ಪಾತ್ರೆ ತೊಳೆಯುವುದು ಹಾಗೇ ಉಳಿದಿದೆ. ಅಡುಗೆಮನೆ ದೀಪ ಹಾಕಲು ಮನಸ್ಸಿಲ್ಲ. ಗೂಡಿನ ಕಿಂಡಿಯಿಂದ ನಮ್ಮ ಕಿಟಕಿ ಕಾಣುತ್ತದಾ ಅಂತ ನಾಳೆ ಒಳಗೆ ಬಗ್ಗಿ ಒಮ್ಮೆ ನೋಡಬೇಕು. ಬೂದಿ ಕೂತಿದ್ದ ಜಾಗದಿಂದ.